ತಿಪ್ಪವ್ವನ ಎಡಗಣ್ಣು

ಹುಬ್ಬಳ್ಳಿ
ಕ್ರಿ.ಶ. ೨೨೩೮, ಹದಿಮೂರನೆಯ ತಿಂಗಳು, ಒಂಬತ್ತನೆಯ ದಿನ

ವೈದ್ಯಕೀಯ ಪರೀಕ್ಷೆಗೆ ಓದುತ್ತಿರುವ ಹಿರಿಯರೇ,

ನಿಮಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬಹುದು. ಆದರೂ ನನಗಿಂತ ಇನ್ನೂರು ವರ್ಷಕ್ಕೆ ದೊಡ್ಡವರು. ನಿಮಗೆ ಗೊತ್ತಿಲ್ಲದ ಮಾತು ನಡುವೆ ನುಸುಳಿದರೆ ಮನ್ನಿಸಿ. ಹದಿಮೂರನೆಯ ತಿಂಗಳೆಂದು ಗಾಬರಿ ಬೇಡ, ನಮ್ಮ ತಿಂಗಳಿಗೆ ಇಪ್ಪತ್ತೆಂಟೇ ದಿನ.

ನಾನು ನೀಲಾಂಬಿಕೆ ಹಳ್ಯಾಳ, ಕೊನೆಯ ವರ್ಷದ ವಿದ್ಯಾರ್ಥಿನಿ. ನಮ್ಮ ಕಾಲದಲ್ಲಿ ರೋಗ ಹುಡುಕುವುದು ‘ಒಳಗನ್ನಡಿ’. ನೋವಿರುವ ಜಾಗಕ್ಕೆ ಹಿಡಿದರೆ ಒಳಗಿನದೆಲ್ಲ ತೋರಿಸುವ ತೆಳ್ಳನೆಯ ಬಿಲ್ಲೆ ಅದು. ಹಿಡಿದ ಜಾಗವನ್ನು ಬಿಟ್ಟು ಬೇರೇನನ್ನೂ ನೋಡದು. ಆದರೂ ವೈದ್ಯರಾಗಲು ‘ಬರಿಗೈ ಪರೀಕ್ಷೆ’ ಪಾಸಾಗಲೇಬೇಕು. ಒಬ್ಬ ರೋಗಿ, ನಲವತ್ತು ನಿಮಿಷ, ನಮ್ಮ ಕೈ, ಕಣ್ಣು, ಕಿವಿ. ಅದಕ್ಕಾಗಿ ಮೊದಲ ವರ್ಷದ ಅಂಗರಚನೆಯನ್ನೂ ಮತ್ತೆ ತಿರುವಿಹಾಕುತ್ತೇವೆ.

ಗೆಳತಿ ಜುಬೇದಾ ಮತ್ತು ನಾನು ನರಗಳ ದಾರಿಯನ್ನು ಹಾಸ್ಟೆಲಿನಲ್ಲಿ ನಡೆದೇ ಕಲಿತೆವು. ಒಂದು ನರ ನನ್ನನ್ನು ಬಹಳ ಕಾಡಿತು. ಮೆದುಳಿನಿಂದ ಹೊರಟು ಕಣ್ಣಿಗೆ ಹೋಗಬೇಕಾದ ಅದು ಸೀದಾ ಹೋಗುವುದಿಲ್ಲ. ಬೆನ್ನುಹುರಿಯಲ್ಲಿ ಎದೆಯವರೆಗೆ ಇಳಿದು, ಶ್ವಾಸಕೋಶದ ತುದಿಯನ್ನು ಬಳಸಿ, ಮತ್ತೆ ಕುತ್ತಿಗೆ ಹತ್ತುತ್ತದೆ. ನಾವು ಮೇಲಂತಸ್ತಿನಿಂದ ಇಳಿದು, ನೀರಿನ ಟಾಕಿ ಸುತ್ತಿ, ಆಚೆಯ ಮೆಟ್ಟಿಲು ಹತ್ತುತ್ತಿದ್ದೆವು. “ಇಷ್ಟು ಸುತ್ತು ಯಾಕ?” ಎಂದು ಕೇಳಿದರೆ ಜುಬೇದಾ, “ಅದಕ್ಕ ಗೊತ್ತು. ನೀ ಹತ್ತು” ಎನ್ನುತ್ತಿದ್ದಳು.

ಪರೀಕ್ಷೆಯಲ್ಲಿ ನನ್ನ ಪಾಲಿಗೆ ಬಂದವರು ತಿಪ್ಪವ್ವ, ಹಳೆಯ ಬಟ್ಟೆ ಜೋಡಿಸಿ ಕೌದಿ ಹೊಲಿಯುವವರು. ಎಡಭುಜದ ನೋವು. ಈಚೆಗೆ ಆ ಕೈಯಲ್ಲಿ ಬಟ್ಟೆ ಬಿಗಿಹಿಡಿಯಲೂ ಆಗುತ್ತಿರಲಿಲ್ಲ. “ಒಳಗನ್ನಡಿ ಮೂರು ಸಲ ಭುಜಾ ನೋಡೇತಿ. ಏನೂ ಇಲ್ಲಂತ” ಎಂದರು. ಸೆಕೆಗೆ ಅವರ ಬಲಗೆನ್ನೆ ಬೆವರಿತ್ತು. ಎಡಗೆನ್ನೆ ಮುಟ್ಟಿದೆ, ಒಣಗಿತ್ತು.

“ಭುಜಾ ಬಿಟ್ಟು ಮಾರಿ ಯಾಕ ಮುಟ್ಟತಿ, ತಂಗಿ?”

“ಆಯಿ, ಎಡಗಣ್ಣಿನ ರೆಪ್ಪಿ ಯಾವಾಗಿಂದ ಹಿಂಗ ಇಳದೈತಿ?”

“ನಿದ್ದಿ ಸಾಲಂಗಿಲ್ಲ, ಅದಕ್ಕ.”

“ಒಂದಾ ಕಣ್ಣಿಗೆ ನಿದ್ದಿ ಬರ್ತೈತೇನ, ಆಯಿ?”

ಅವರು ನಕ್ಕರು. ನನಗೆ ನಗು ಬರಲಿಲ್ಲ. ಆ ಕಣ್ಣಿನ ಪಾಪೆ ಇನ್ನೊಂದಕ್ಕಿಂತ ಸಣ್ಣದಾಗಿತ್ತು. ರೆಪ್ಪೆ, ಪಾಪೆ, ಬೆವರು ಮೂರನ್ನೂ ನೋಡಿಕೊಳ್ಳುವುದು ನಾವು ಹಾಸ್ಟೆಲಿನಲ್ಲಿ ನಡೆದು ಕಲಿತ ಆ ಸುತ್ತುದಾರಿಯ ನರವೇ; ಅದರ ದಾರಿಯಲ್ಲಿ ಎಲ್ಲೋ ಏನೋ ಒತ್ತುತ್ತಿದೆ. ಕಣ್ಣು, ಕೆನ್ನೆ, ಭುಜ, ಕೈ ಎಲ್ಲವನ್ನೂ ಒಟ್ಟಿಗೆ ಕೆಡಿಸಬಲ್ಲ ಜಾಗ ಒಂದೇ, ಕೈಯ ನರಗಳೂ ಆ ನರದ ಹತ್ತಿರ ಹಾಯುವ ಜಾಗ.

ಪರೀಕ್ಷಕರಾದ ಸವಣೂರ ಸರ್ ಬಂದಾಗ, “ಸರ್, ರೋಗ ಭುಜದಾಗಿಲ್ಲರಿ. ಎಡ ಶ್ವಾಸಕೋಶದ ತುದಿ ನೋಡ್ರಿ” ಎಂದೆ.

“ನಾ ಕೇಳೂದು ಭುಜದ ಕೀಲು ಹಿಡಿದಿರೂ ನಾಕು ಸ್ನಾಯು.”

ಮೂರು ಹೇಳಿದೆ. ನಾಲ್ಕನೆಯದು ನೆನಪಾಗಲಿಲ್ಲ. ಗಂಟೆ ಹೊಡೆಯಿತು.

ಎರಡು ಅಂಕಕ್ಕೆ ಫೇಲಾದೆ. ಅಂದೇ ಸಂಜೆ ಸರ್ ಹಾಸ್ಟೆಲಿನ ಬಾಗಿಲಿಗೆ ಬಂದರು. “ನಾ ಸ್ವತಾ ಒಳಗನ್ನಡಿ ಹಿಡಿದು ನೋಡಿದೆ. ನಿಂಬಿಕಾಯಿಯಷ್ಟು ಗಡ್ಡಿ ಐತಿ. ನೀ ಹೇಳಿದ ಜಾಗದಾಗ” ಎಂದರು. ಹೊರಡುತ್ತ, “ಅಂಕ ಮಾತ್ರ ತಿದ್ದಂಗಿಲ್ಲ ನೋಡವಾ” ಎಂದರು. ಸಿಟ್ಟಿನಿಂದ ಅತ್ತೆನೋ ಸಂತೋಷದಿಂದ ಅತ್ತೆನೋ ಇಂದಿಗೂ ತಿಳಿಯದು.

ನಾಲ್ಕು ತಿಂಗಳು ಔಷಧಿ ಕೊಟ್ಟು, ಆಮೇಲೆ ಗಡ್ಡೆ ತೆಗೆದರು. ರೆಪ್ಪೆ ಇನ್ನೂ ಪೂರ್ತಿ ಎದ್ದಿಲ್ಲ. ತಿಪ್ಪವ್ವ ಬದುಕಿದ್ದಾರೆ, ಕೌದಿ ಹೊಲಿಯುತ್ತಿದ್ದಾರೆ. ನಾನು ನಾಳೆ ಮತ್ತೆ ಪರೀಕ್ಷೆಗೆ ಕೂರುತ್ತೇನೆ.

ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಕಾಲದ ಪ್ರಶ್ನೆಪತ್ರಿಕೆಗಳು, ಅಂಕಪಟ್ಟಿಗಳು ಹಳೆಯ ಕಾಗದಪತ್ರ ಕಾಯ್ದಿಡುವ ನಮ್ಮ ದಫ್ತರಖಾನೆಯಲ್ಲಿ ಭದ್ರವಾಗಿವೆ. ಆದರೆ ನೀವು ಪಾಸಾಗಲೆಂದು ಬಂದು, ಹೊಟ್ಟೆ ಒತ್ತಿಸಿಕೊಂಡು, ಎದೆ ತಟ್ಟಿಸಿಕೊಂಡು, ತಮ್ಮ ನೋವಿನ ಅದೇ ಕಥೆಯನ್ನು ಹತ್ತು ಸಲ ಹೇಳಿ ಎದ್ದುಹೋದ ಆ ರೋಗಿಗಳು ಆಮೇಲೆ ಏನಾದರು? ಎಷ್ಟು ಹುಡುಕಿದರೂ ಒಂದು ಸಾಲೂ ಸಿಗಲಿಲ್ಲ. ನಿಮಗೆ ಗೊತ್ತಿದ್ದರೆ ಬರೆದಿಡಿ. ಗೊತ್ತಿಲ್ಲದಿದ್ದರೆ, ದಯವಿಟ್ಟು, ಹೋಗಿ ವಿಚಾರಿಸಿ.

ನಿಮ್ಮ
ನೀಲಾಂಬಿಕೆ