ನೋವಿಲ್ಲ ಅಂತ ಭಾರ ಹೆಚ್ಚಿಸಿದ ಅತ್ತೆಗೆ

ಅತ್ತೇ,

ಕುರಿ ಶೋರ್ಪೊ ಸಾರು ಒಲೆ ಮೇಲಿದೆ. ಪಾತ್ರೆ ಎತ್ತಬೇಡಿ, ಸೌಟಲ್ಲೇ ಬಡಿಸಿಕೊಳ್ಳಿ. ನಿಮ್ಮ ಕೈ ಕಿವಿವರೆಗೂ ಏಳ್ತಿಲ್ಲ ಅಂತ ಪಕ್ಕದ ಮನೆ ಬುರುಲ್ ಅಕ್ಕನಿಗೆ ಹೇಳಿದ್ದೀನಿ, ತಲೆವಸ್ತ್ರ ಕಟ್ಟೋಕೆ ಬರ್ತಾರೆ. ಡಂಬೆಲ್ ಹುಡುಕಬೇಡಿ. ಎರಡನ್ನೂ ಚೀಲಕ್ಕೆ ಹಾಕಿಕೊಂಡು ಆಫೀಸಿಗೆ ಹೊರಟಿದ್ದೀನಿ. ಬಸ್ಸಲ್ಲಿ ಯಾರು ಏನಂದುಕೊಂಡರೂ ಸರಿ.

"ಮೈ ನೋಯಲಿಲ್ಲ ಅಂದ್ರೆ ಮಾಡಿದ್ದೆಲ್ಲ ದಂಡ ಕಣೇ" ಅಂತ ನಿನ್ನೆ ದೊಡ್ಡ ಡಂಬೆಲ್ಲಿಗೇ ಕೈ ಹಾಕಿದಿರಿ. ಈಗ ನೋವು ಬಂತಲ್ಲ, ಸಮಾಧಾನನಾ? ಜಿಮ್ಮಲ್ಲಿ ಕಲಿಸೋ ತಿಲೆಕ್ ಹೇಳಿದ್ದನ್ನೇ ಮತ್ತೆ ಹೇಳ್ತೀನಿ. ಅಭ್ಯಾಸವಿಲ್ಲದ ಕೆಲಸ ಕೊಟ್ಟರೆ ಮೈ ಗೊಣಗುತ್ತೆ, ಅಷ್ಟೇ. ಗೊಣಗಿದವರೆಲ್ಲ ದುಡಿದವರಲ್ಲ. ಇದು ನಿಮ್ಮ ಮಗನಿಗೂ ಅನ್ವಯಿಸುತ್ತೆ.

ಚಳಿಗಾಲದಲ್ಲಿ ನಾರಿನ್ ಬಜಾರಲ್ಲಿ ಹಿಮದ ಮೇಲೆ ಬಿದ್ದಮೇಲೆ ನಿಮ್ಮನ್ನ ನೆಲದ ಹಾಸಿನಿಂದ ಎಬ್ಬಿಸೋಕೆ ನಾನೂ ನಿಮ್ಮ ಮಗನೂ ಇಬ್ಬರೂ ಬೇಕಿತ್ತು, ಅದಕ್ಕೇ ತಾನೇ ಈ ವ್ಯಾಯಾಮ ಶುರು ಮಾಡಿದ್ದು. ಮೊನ್ನೆ ಬೀಗರು ಚಹಾ ಮುಗಿಸಿ ಹೊರಟಾಗ ನೀವು ಮಾತಾಡ್ತಾ ಮಾತಾಡ್ತಾ ಒಬ್ಬರೇ ಎದ್ದು ಬಾಗಿಲವರೆಗೂ ನಡೆದಿರಿ. ಆವತ್ತು ನಿಮಗೆ ಎಲ್ಲೂ ನೋವಿರಲಿಲ್ಲ. ಎದ್ದಿದ್ದು ನಿಮಗೇ ಗೊತ್ತಾಗಲಿಲ್ಲ. ಹಿಡಿಯೋಕೆ ಅಂತ ಚಾಚಿದ್ದ ಕೈಯನ್ನ ಏನು ಮಾಡಬೇಕೋ ತಿಳೀದೆ ನಾನು ಸಕ್ಕರೆ ಬಟ್ಟಲು ಎತ್ತಿಕೊಂಡೆ.

ಚೋಲ್ಪೊನ್