ಭಾವನ ಪಕ್ಕದ ಕುರ್ಚಿ

ಅಂಗಡಿ ಮೇಲಿನ ಮನೆ,
ಹದಿನಾಲ್ಕನೇ ತಾರೀಖು, ಬುಧವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೆ? ಭಾವ ತೀರಿಕೊಂಡ ಮೇಲೆ ಹೊತ್ತುಹೊತ್ತಿಗೆ ಉಣ್ಣುತ್ತೀಯೋ ಇಲ್ಲವೋ ಎಂಬ ಯೋಚನೆ ನನಗೆ. ಎಂಟು ತಿಂಗಳಿಂದ ನನ್ನ ಫೋನ್ ಎತ್ತುತ್ತಿಲ್ಲ, ಹಾಗಾಗಿ ಈ ಕಾಗದ. ಅಕ್ಷರ ಸೊಟ್ಟಗಿದೆ ಎಂದು ಬೈಯಬೇಡ, ಫ್ರಿಜ್ ಮೇಲೆ ಹಾಳೆ ಇಟ್ಟುಕೊಂಡು ನಿಂತು ಬರೆಯುತ್ತಿದ್ದೇನೆ.

ಹೋದ ತಿಂಗಳು ನನಗೆ ಆಪರೇಷನ್ ಆಯಿತು. ಗಾಬರಿಯಾಗಬೇಡ. ಜಾಗ ಹೇಳಲು ನಾಚಿಕೆ, ಆದರೂ ಹೇಳುತ್ತೇನೆ: ಬಲಗಡೆ ಕುಂಡೆ. ಅಲ್ಲಿ ಒಳಗೆ ಪಿರಿಫಾರ್ಮಿಸ್ ಎಂಬ ಸಣ್ಣ ಸ್ನಾಯು ಇದೆಯಂತೆ, ಅದರ ಅಡಿಯಲ್ಲಿ ಕಾಲಿಗೆ ಹೋಗುವ ದೊಡ್ಡ ನರ. ಇಪ್ಪತ್ತೆರಡು ವರ್ಷ ಸ್ಟೂಲಿನ ಮೇಲೆ ಕೂತು ಗಡಿಯಾರ ರಿಪೇರಿ ಮಾಡಿದ್ದಕ್ಕೋ ಏನೋ, ಸ್ನಾಯು ಬಿಗಿದು ನರವನ್ನು ಅದುಮಿತ್ತು. ಕೂತರೆ ಸಾಕು, ಹಿಮ್ಮಡಿಯವರೆಗೆ ಕಾದ ಸರಳು ಎಳೆದ ಹಾಗೆ. ಬೆನ್ನಿನ ಸ್ಕ್ಯಾನ್‌ನಲ್ಲಿ ಏನೂ ಇರಲಿಲ್ಲ. ವ್ಯಾಯಾಮ, ಇಂಜೆಕ್ಷನ್, ಯಾವುದಕ್ಕೂ ಬಗ್ಗಲಿಲ್ಲ. ಕೊನೆಗೆ ಸರ್ಜನ್ ನಾಲ್ಕು ಬೆರಳಗಲ ಕೊಯ್ದು, ಆ ಸ್ನಾಯುವಿನ ತುದಿ ಕತ್ತರಿಸಿ, ನರವನ್ನು ಬಿಡಿಸಿದರು. "ಇನ್ನು ನಿಧಾನವಾಗಿ ಕೂರೋದು ಕಲೀರಿ, ಮಗು ಥರ" ಅಂದರು.

ಆಪರೇಷನ್‌ಗೆ ಮೊದಲು ವರ್ಷವಿಡೀ ಅಂಗಡಿಯಲ್ಲಿ ಮೇಜಿನ ಕಾಲುಗಳಿಗೆ ಇಟ್ಟಿಗೆ ಕೊಟ್ಟು ನಿಂತೇ ಕೆಲಸ ಮಾಡುತ್ತಿದ್ದೆ. ಗಿರಾಕಿಗಳು ಇದೂ ಒಂದು ಫ್ಯಾಷನ್ ಅಂದುಕೊಂಡರು. ನಿನ್ನ ಮನೆಯಲ್ಲಿ ಏನು ಮಾಡಲಿ? ಭಾವ ಹಾಸಿಗೆ ಹಿಡಿದಾಗ ಐದು ಸಲ ಬಂದೆ, ಐದೂ ಸಲ ಬಾಗಿಲಿಗೆ ಒರಗಿ ನಿಂತಿದ್ದೆ. ಕೊನೆಯ ಸಲ ಭಾವ ಹಾಸಿಗೆ ಪಕ್ಕದ ಕುರ್ಚಿ ತಟ್ಟಿ "ಕೂತ್ಕೊಳ್ಳೋ ಸ್ವಲ್ಪ" ಅಂದರು. "ಇರಲಿ ಭಾವ" ಅಂದುಬಿಟ್ಟೆ. ಹೊರಡುವಾಗ ನೀನು, "ಕುದುರೆ ಮೇಲೆ ಬಂದೋರಿಗೆ ನಮ್ಮನೆ ಕುರ್ಚಿ ಯಾಕೆ? ನಿಂತೇ ಇದ್ದೆ, ನಿಂತೇ ಹೋಗು" ಅಂದೆ. ಚಪ್ಪಲಿ ಮೆಟ್ಟಿ ಹೊರಟುಬಿಟ್ಟೆ. ಅಂಥ ಕಾಯಿಲೆ ಮಲಗಿರುವ ಮನೆಯಲ್ಲಿ ನನ್ನ ಕುಂಡೆ ಪುರಾಣ ಯಾರ ಮುಂದೆ ಬಿಚ್ಚಲಿ? ತಪ್ಪು ನನ್ನದೇ ಅಕ್ಕಾ. ಹೇಳಿದ್ದರೆ ಭಾವ ಖಂಡಿತ ನಗುತ್ತಿದ್ದರು. ಆ ಕೊನೆಯ ವಾರ ಅವರು ನಕ್ಕಿದ್ದನ್ನು ಯಾರೂ ನೋಡಲಿಲ್ಲ.

ಮಕ್ಕಳು ಅತ್ತೆಯನ್ನು ಕೇಳುತ್ತಿರುತ್ತಾರೆ. ಬಿ.ಪಿ. ಮಾತ್ರೆ ತಪ್ಪಿಸಬೇಡ.

ಒಂದು ಕಡೆ ಕೂರುವುದಿಲ್ಲವೆಂದು ನೀನೇ ಹೆಸರಿಟ್ಟ,
ಕೋತಿ

ತಾ.ಕ.: ಇಷ್ಟನ್ನು ಮಾತ್ರ ಕೂತು ಬರೆಯುತ್ತಿದ್ದೇನೆ. ಎದುರಿನ ಗಡಿಯಾರದಲ್ಲಿ ಏಳು ನಿಮಿಷ ಆಯಿತು, ಇನ್ನೂ ಎದ್ದಿಲ್ಲ. ಆ ಕುರ್ಚಿ ಯಾರಿಗೂ ಕೊಡಬೇಡ. ಭಾನುವಾರ ಬರುತ್ತೇನೆ, ಬಸ್ಸಿನಲ್ಲಿ ನಿಂತೇ ಬರುತ್ತೇನೆ, ಕೂರುವ ಶಕ್ತಿಯನ್ನು ಅಲ್ಲಿಗೆಂದು ಉಳಿಸಿಕೊಂಡು. ನೀನು ಮಾತಾಡದಿದ್ದರೂ ಪರವಾಗಿಲ್ಲ. ಕೂರಲು ಭಾವ ಹೇಳಿದ್ದಾರೆ.