ರೋಪ್‌ವೇ ನಿಂತ ಭಾನುವಾರ

ನವೆಂಬರ್ 19, ಗುರುವಾರ

ಪ್ರೀತಿಯ ಅಕ್ಕ,

ನಿಮ್ಮ ಕಾಗದ ಬಂದು ಒಂಬತ್ತು ದಿನವಾಯಿತು. ಉತ್ತರ ಬರೆಯಲು ಇದು ಮೂರನೆಯ ಸಲ ಕೂರುತ್ತಿರುವುದು. ಮೊದಲನೆಯದು ಆಫೀಸಿನ ವರದಿಯಂತಾಯಿತು, ಎರಡನೆಯದು ಸ್ಕೂಲಿಗೆ ಬರೆಯುವ ರಜಾ ಅರ್ಜಿಯಂತೆ. ಎರಡನ್ನೂ ಹರಿದು ಹಾಕಿದೆ. ಇದು ಹೇಗಾದರೂ ಆಗಲಿ, ಹರಿಯುವುದಿಲ್ಲ. ತಡವಾದದ್ದಕ್ಕೆ ಬೈಯಿರಿ, ಬೈಸಿಕೊಳ್ಳುತ್ತೇನೆ. ನಿಮ್ಮ ಮೊಣಕಾಲು ಹೇಗಿದೆ? ಫಿಸಿಯೋಥೆರಪಿಯವಳು ಹೇಳಿದಷ್ಟು ಸಲ ಕಾಲು ಮಡಿಸುತ್ತಿದ್ದೀರಾ, ಇಲ್ಲ ಅವಳನ್ನೇ ಕಾಫಿ ಕೊಟ್ಟು ಮಾತಿಗೆ ಕೂರಿಸಿಕೊಳ್ಳುತ್ತಿದ್ದೀರಾ?

ದೊಡ್ಡವಳು ಫೋನಿನಲ್ಲಿ, "ದೊಡ್ಡಮ್ಮಾ, ನಮ್ಮಿಬ್ರನ್ನೂ ನಿಮ್ಮನೆಗೆ ಕರ್ಕೊಂಡು ಹೋಗ್ಬಿಡಿ" ಎಂದಳೆಂದು ಬರೆದಿದ್ದೀರಿ. ಆ ಭಾನುವಾರ ಏನಾಯಿತು, ಸುಮ್ಮನೆ ಮಳೆ ಬಂತು ಅನ್ನಬೇಡ, ಎಂದು ಕೇಳಿದ್ದೀರಿ. ಡಿಸೆಂಬರ್ ಐದಕ್ಕೆ ಬರುತ್ತೇನೆ, ಮಕ್ಕಳಿಗೆ ಅದೇ ಬೇಕಿದ್ದರೆ ಕರೆದುಕೊಂಡೇ ಹೋಗುತ್ತೇನೆ, ಎಂದೂ ಇದೆ. ನಿಮ್ಮ ತಂಗಿ ತೀರಿಹೋದ ಮೇಲೆ ಎರಡು ವರ್ಷ ಅವರನ್ನು ಸಾಕಿದವರು ನೀವು. ನಾನು ಈ ಮನೆಗೆ ಬಂದು ಹದಿನಾಲ್ಕು ತಿಂಗಳು. ಕೇಳುವ ಹಕ್ಕು ನಿಮಗಿದೆ. ಅವರು ಹೋಗುವುದು ನನಗೆ ಬೇಡ. ಇದನ್ನು ಮೊದಲೇ ಬರೆದುಬಿಟ್ಟರೆ ಮುಂದಿನದನ್ನೆಲ್ಲ ನೀವು ಸೋಸಿಕೊಂಡು ಓದಬಹುದು.

ಬೆಟ್ಟಕ್ಕೆ ಹೋಗುವ ಹಟ ಚಿಕ್ಕವನದು, ನಮ್ಮ ಬುಡ್ಡನದು. ಅಪ್ಪ ಲಿಫ್ಟ್ ರಿಪೇರಿ ಮಾಡುವವರಾದ್ದರಿಂದ ಪ್ರಪಂಚದಲ್ಲಿ ಚಲಿಸುವುದೆಲ್ಲ ಅವನ ಪಾಲಿಗೆ ಲಿಫ್ಟು. ಬೆಟ್ಟದ ರೋಪ್‌ವೇಗೆ "ಓರೆ ಲಿಫ್ಟು" ಎಂದು ಹೆಸರಿಟ್ಟಿದ್ದ. ದೊಡ್ಡವಳಿಗೆ ಬೇರೆಯದೇ ಆಸೆ. ಮೇಲಿರುವ ದೂರದರ್ಶಕದಲ್ಲಿ ಊರಿನ ತಾರಸಿಗಳೆಲ್ಲ ಕಾಣುತ್ತವೆಂದು ಅವಳ ಕ್ಲಾಸಿನ ಹುಡುಗಿಯೊಬ್ಬಳು ಹೇಳಿದ್ದಳಂತೆ. ನಮ್ಮದು ಯಾವುದೆಂದು ಗೊತ್ತಾಗಬೇಕಲ್ಲ, ಅದಕ್ಕೆ ಬೆಳಿಗ್ಗೆ ನಾವಿಬ್ಬರೂ ನಮ್ಮ ತಾರಸಿಗೆ ಹೋಗಿ ಕೆಂಪು ಹೊದಿಕೆಯೊಂದನ್ನು ಹರಡಿ, ನಾಲ್ಕು ಮೂಲೆಗೂ ಇಟ್ಟಿಗೆ ಇಟ್ಟು ಬಂದೆವು. ಎಂಟು ವರ್ಷದವಳ ಮಟ್ಟಿಗೆ ಒಳ್ಳೆಯ ಉಪಾಯವೇ ಎಂದು ನನಗನ್ನಿಸಿತು. ಹೊದಿಕೆಯನ್ನು ಎಳೆಯುವಾಗ ಅವಳು ನಗುತ್ತಿದ್ದಳು.

ಹೊರಡುವ ಹೊತ್ತಿಗೆ ಇವರಿಗೆ ಫೋನ್ ಬಂತು. ಒಂದು ಆಸ್ಪತ್ರೆಯ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತ್ತು. "ನೀವು ಹೊರಡಿ, ಊಟದ ಹೊತ್ತಿಗೆ ಬಂದು ಸೇರ್ಕೋತೀನಿ" ಎಂದರು. ನಾನು ಬೇಡವೆನ್ನಬಹುದಿತ್ತು. ಹವಾಮಾನ ವರದಿಯಲ್ಲಿ "ಅಲ್ಲಲ್ಲಿ ಮಳೆ" ಎಂದಿತ್ತು. ಆ "ಅಲ್ಲಲ್ಲಿ" ಎಂಬುದು ತಾನಿರುವ ಕಡೆಯೇ ಎಂದು ಯಾರೂ ಅಂದುಕೊಳ್ಳುವುದಿಲ್ಲ. ನಿಜ ಹೇಳಬೇಕೆಂದರೆ, ಇವರಿಲ್ಲದೆ ಮಕ್ಕಳನ್ನು ನಾನೊಬ್ಬಳೇ ಒಂದು ದಿನ ಹೊರಗೆ ಕರೆದೊಯ್ಯಬಲ್ಲೆನೇ ಎಂದು ನೋಡುವ ಕುತೂಹಲವೂ ಇತ್ತು. ಪರೀಕ್ಷೆ ಮಾಡುವುದೇ ಕೆಲಸವಾದವರಿಗೆ ಇದೊಂದು ರೋಗ.

ಓರೆ ಲಿಫ್ಟು ಚೆನ್ನಾಗಿಯೇ ಏರಿತು. ಮೇಲೆ ಇಳಿಯುತ್ತಿದ್ದಂತೆ ಮಂಜು ಬಂತು. ಬುಡ್ಡ ಮೆಟ್ಟಿಲ ಮೇಲೆ ನಿಂತು ದೂರದರ್ಶಕಕ್ಕೆ ಕಣ್ಣಿಟ್ಟು, "ಮೋಡ ಕಾಣ್ತಿದೆ! ದೊಡ್ಡದಾಗಿ ಕಾಣ್ತಿದೆ!" ಎಂದು ಕೂಗಿದ.

"ಮೋಡ ನೋಡೋಕೆ ಇದ್ಯಾಕೋ ಬೇಕು ಪೆದ್ದ, ಮೋಡದೊಳಗೇ ನಿಂತಿದೀಯಲ್ಲ" ಎಂದಳು ದೊಡ್ಡವಳು. ಆದರೂ ಅವನ ನಂತರ ತಾನೂ ನೋಡಿದಳು, ತುಂಬ ಹೊತ್ತು. ಮಂಜು ಸರಿಯುತ್ತದೆಂದು ಕಾದಳು.

ಸರಿಯಲಿಲ್ಲ. ಆಮೇಲೆ ಗಾಳಿ, ಅದರ ಹಿಂದೆಯೇ ಆಲಿಕಲ್ಲು. ರೋಪ್‌ವೇಯ ಡಬ್ಬಿಗಳು ತೂಗಾಡತೊಡಗಿದಾಗ ಆಪರೇಟರ್ ಯಂತ್ರ ನಿಲ್ಲಿಸಿ ಶಟರ್ ಎಳೆದ.

"ಎಷ್ಟೊತ್ತಾಗುತ್ತೆ?" ಎಂದು ಯಾರೋ ಕೇಳಿದರು.

"ನನ್ನ ಕೇಳಿದ್ರೆ? ಗಾಳಿನ ಕೇಳಿ."

ಕಾಯುವ ಹಾಲ್‌ನಲ್ಲಿ ಐವತ್ತು ಅರವತ್ತು ಜನರಿದ್ದೆವು. ತಗಡಿನ ಚಾವಣಿಯ ಮೇಲೆ ಆಲಿಕಲ್ಲು ಬೀಳುವ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಬೆಂಚಿನ ಮೇಲೆ ಕುಳಿತು ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿಂದೆವು. ಪಕ್ಕದ ಮುದುಕರೊಬ್ಬರ ಕೊಡೆ ಗಾಳಿಗೆ ಮಗುಚಿಕೊಂಡು ಬಟ್ಟಲಿನಂತಾಗಿತ್ತು. ಅದನ್ನು ಬುಡ್ಡನ ಕೈಗೆ ಕೊಟ್ಟು, "ತಗೋ ಮರಿ, ಆಲಿಕಲ್ಲು ಹಿಡಿಯೋಕೆ ಇನ್ನೇನು ಬೇಕು" ಎಂದರು. ಅವನಿಗೆ ಹವೆ ಕೆಟ್ಟಿತೆಂದು ಅನ್ನಿಸಲೇ ಇಲ್ಲ. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು, ಅಕ್ಕ. ಊರು ಕಾಣಲಿಲ್ಲ, ಅಷ್ಟೇ.

ಮೂರು ಗಂಟೆ ಕಾದ ಮೇಲೆ ಕೆಳಗಿನಿಂದ ರಸ್ತೆಯ ಮೂಲಕ ಎರಡು ವ್ಯಾನ್ ಕಳಿಸಿದರು. ಟಿಕೆಟ್ ಕೊಡುವ ಹೆಂಗಸು ರಿಜಿಸ್ಟರ್ ಹಿಡಿದು ಬಾಗಿಲಲ್ಲಿ ನಿಂತಳು. ಮೊದಲ ವ್ಯಾನಿನಲ್ಲಿ ಹತ್ತು ವರ್ಷದೊಳಗಿನ ಮಕ್ಕಳು, ಜೊತೆಗೆ ಅವರ ತಾಯಿ ಇಲ್ಲವೇ ತಂದೆ. ಉಳಿದವರು ಎರಡನೆಯದಕ್ಕೆ. ಸಾಲಿನಲ್ಲಿ ನಮ್ಮ ಸರದಿ ಬಂದಾಗ ಅವಳು ತಲೆ ಎತ್ತಿ ನನ್ನ ಮುಖ ನೋಡಿದಳು. ನಾನು, "ತಾಯಿ ಅಲ್ಲ, ಇವರ ತಂದೆಯ ಹೆಂಡತಿ" ಎಂದೆ.

"ಅಂದ್ರೆ?"

"ಅಂದ್ರೆ ತಾಯಿನೇ ಅಲ್ವೇನಮ್ಮಾ" ಎಂದರು ಕೊಡೆಯ ಮುದುಕರು ಹಿಂದಿನಿಂದ. "ಬರ್ಕೊಳ್ಳಿ, ಇಂಥ ಮಳೇಲಿ ವಂಶಾವಳಿ ಯಾಕೆ?"

ಸಾಲಿನಲ್ಲಿ ನಾಲ್ಕಾರು ಜನ ನಕ್ಕರು. ಟಿಕೆಟ್‌ನವಳಿಗೆ ಅದು ಸೇರಲಿಲ್ಲ. "ನಾಳೆ ಏನಾದ್ರೂ ಆದ್ರೆ ನನ್ನ ತಲೆಗೆ ಬರುತ್ತೆ ಸರ್. ಅವ್ರೇ ಅಲ್ಲ ಅಂತಿದಾರಲ್ಲ" ಎಂದಳು. ಮಗಳೊಂದಿಗೆ ಹೊರಟಿದ್ದ ಶಾಲಾ ಟೀಚರೊಬ್ಬರು ಇಬ್ಬರನ್ನೂ ತಮ್ಮ ಪಕ್ಕ ಕೂರಿಸಿಕೊಂಡರು. "ಹತ್ತು ನಿಮಿಷಕ್ಕೆ ನಿಮ್ಮ ವ್ಯಾನೂ ಬರುತ್ತೆ" ಎಂದು ಟಿಕೆಟ್‌ನವಳು ನನ್ನನ್ನು ಹಾಲ್‌ನೊಳಗೆ ಕಳಿಸಿದಳು.

ಹತ್ತು ನಿಮಿಷ ಒಂದು ಗಂಟೆ ಐದು ನಿಮಿಷವಾಯಿತು. ಅವರ ವ್ಯಾನು ದಾಟಿದ ಮೇಲೆ ರಸ್ತೆಗೆ ಮರವೊಂದು ಬಿದ್ದಿತ್ತು. ಆ ಹೊತ್ತಿನಲ್ಲಿ ನಾನು ನನಗೆ ಕೊಟ್ಟುಕೊಂಡ ಕಾರಣಗಳನ್ನು ನಿಮಗೂ ಹೇಳುತ್ತೇನೆ. ದಿನವಿಡೀ ನೀರಿನ ಲ್ಯಾಬಿನಲ್ಲಿ ಕೆಲಸ. ಸೀಸೆಯ ಚೀಟಿಯಲ್ಲಿ ಯಾವ ನಲ್ಲಿಯ ನೀರೆಂದು ತಪ್ಪಾಗಿ ಬರೆದರೆ ಒಂದಿಡೀ ಬೀದಿ ಕೆಟ್ಟ ನೀರು ಕುಡಿಯುತ್ತದೆ. ಇದ್ದದ್ದನ್ನು ಇದ್ದ ಹಾಗೆ ಹೇಳುವುದು ನನಗೆ ರೂಢಿ. ಇದು ಮೊದಲನೆಯ ಕಾರಣ. ಎರಡನೆಯದು ನೀವು. ನಮ್ಮ ಮದುವೆಯ ದಿನ ರಿಜಿಸ್ಟ್ರಾರ್ ಕಚೇರಿಯ ಕಾರಿಡಾರಿನಲ್ಲಿ ನನ್ನ ಕೈ ಹಿಡಿದು, "ಚೆನ್ನಾಗಿ ನೋಡ್ಕೋ. ಅಮ್ಮ ಅಂತ ಮಾತ್ರ ಕರೆಸ್ಕೋಬೇಡ. ಅದೊಂದು ನನ್ನ ತಂಗಿಗಿರ್ಲಿ" ಎಂದಿರಿ. ನಾನು ಖಂಡಿತ ಎಂದೆ. ಆಗ ಅದು ಸುಲಭದ ಷರತ್ತು ಅನ್ನಿಸಿತ್ತು. ಆದರೆ ಆ ಬಾಗಿಲಲ್ಲಿ ನನಗೆ ನಿಮ್ಮ ನೆನಪಾಯಿತೇ, ಅಥವಾ ಆಮೇಲೆ ಕಾರಣ ಹುಡುಕುವಾಗ ನೀವು ಸಿಕ್ಕಿದಿರೇ? ಪ್ರಾಮಾಣಿಕವಾಗಿ ಹೇಳಿದರೆ ಗೊತ್ತಿಲ್ಲ.

ಕೆಳಗೆ ಕಾವಲುಗಾರನ ಶೆಡ್ಡಿನಲ್ಲಿ ಇಬ್ಬರೂ ಬೆಂಚಿನ ಮೇಲೆ ಕುಳಿತಿದ್ದರು. ಟೀಚರು ಕಾದೂ ಕಾದೂ ಆಗಷ್ಟೇ ಹೋಗಿದ್ದರಂತೆ. ಬುಡ್ಡ ಚಡ್ಡಿ ಒದ್ದೆ ಮಾಡಿಕೊಂಡಿದ್ದ. ದೊಡ್ಡವಳು ಅದನ್ನು ಬಿಚ್ಚಿಸಿ, ತನ್ನ ಸ್ವೆಟರನ್ನು ಅವನ ಸೊಂಟಕ್ಕೆ ಸುತ್ತಿ ತೋಳುಗಳನ್ನು ಗಂಟು ಹಾಕಿದ್ದಳು. ತಾನು ನಡುಗುತ್ತಿದ್ದಳು.

"ಅವ್ನು ಅತ್ತ. ನಾನು ಅಳ್ಲಿಲ್ಲ" ಎಂದಳು.

ಚೀಲದಿಂದ ಟವೆಲ್ ತೆಗೆದು ಹೊದಿಸಿದೆ. "ಥ್ಯಾಂಕ್ಯೂ ಆಂಟಿ" ಎಂದಳು.

ಇವರು ಅಷ್ಟು ಹೊತ್ತಿಗೆ ಬಂದರು. ಆಸ್ಪತ್ರೆಯ ಲಿಫ್ಟು ಓಡುತ್ತಿದೆ ಎಂಬ ಸಂತೋಷದಲ್ಲಿದ್ದರು. ಮನೆಯಲ್ಲಿ ಎಲ್ಲ ಕೇಳಿದ ಮೇಲೆ, "ತಾಯಿ ಅಂದಿದ್ರೆ ಏನ್ ಹೋಗ್ತಿತ್ತು ನಿಂದು? ಪೊಲೀಸ್ ಹಿಡ್ಕೊಂಡ್ ಹೋಗ್ತಿದ್ರಾ?" ಎಂದರು. ಕೋಪದಿಂದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದರು. ದೊಡ್ಡವಳು ಪಕ್ಕದ ಕೋಣೆಯಿಂದ ನಿಮಗೆ ಫೋನ್ ಮಾಡಿದ್ದು ಅದೇ ಸಂಜೆ.

ಬುಡ್ಡನಿಗೆ ಎರಡು ದಿನ ಜ್ವರವಿತ್ತು, ಈಗ ಸೋಫಾದ ಮೇಲಿಂದ ಹಾರುವಷ್ಟು ಗುಣವಾಗಿದ್ದಾನೆ. ದೊಡ್ಡವಳು ತುಂಬ ಶಿಸ್ತಾಗಿದ್ದಾಳೆ. ತಟ್ಟೆ ತಾನೇ ತೊಳೆದಿಡುತ್ತಾಳೆ, ಫ್ರಿಜ್ ತೆಗೆಯುವ ಮುಂಚೆ ಕೇಳುತ್ತಾಳೆ. ನೆಂಟರ ಮನೆಯಲ್ಲಿ ಹೇಗಿರಬೇಕೆಂದು ನೀವು ಕಲಿಸಿದ್ದೀರಲ್ಲ, ಒಂದನ್ನೂ ಮರೆತಿಲ್ಲ.

ಐದನೇ ತಾರೀಕು ಖಂಡಿತ ಬನ್ನಿ. ಮೆಟ್ಟಿಲು ಹತ್ತುವುದು ಬೇಡ, ಕೆಳಗಿನ ಕೋಣೆಯನ್ನೇ ಸಿದ್ಧ ಮಾಡಿರುತ್ತೇನೆ. ಮಕ್ಕಳೊಂದಿಗೆ ನೀವೊಬ್ಬರೇ ಕುಳಿತು ಮಾತಾಡಿ, ಅವರು ಏನು ಹೇಳಿದರೂ ನಾನು ನಡುವೆ ಬರುವುದಿಲ್ಲ. ಇವರು ನಮಸ್ಕಾರ ಹೇಳಿದ್ದಾರೆ. ನಿಮ್ಮ ಕಾಲು ಬೇಗ ನಿಮ್ಮ ಮಾತು ಕೇಳುವಂತಾಗಲಿ. ಬೈಗುಳದ ಜೊತೆ ಸ್ವಲ್ಪ ಆಶೀರ್ವಾದವೂ ನನಗಿರಲಿ.

ಇಂತಿ,
ನಿಮ್ಮ ಲ್ಯಾಬ್ ಮೇಡಂ

ಮರೆತ ಮಾತು: ಮರೆತದ್ದಲ್ಲ. ಮೇಲೆ ಬರೆದದ್ದರಲ್ಲಿ ಒಂದು ಸಾಲು ಬೇಕೆಂದೇ ಬಿಟ್ಟಿದ್ದೇನೆ. ಟಿಕೆಟ್‌ನವಳು ನನ್ನ ಮುಖ ನೋಡುವ ಮುಂಚೆ ದೊಡ್ಡವಳನ್ನು ಕೇಳಿದ್ದಳು, "ಇವ್ರು ಯಾರು ಪುಟ್ಟಾ?" ಎಂದು. ಅವಳು "ನಮ್ಮಮ್ಮ" ಎಂದಳು. ಹದಿನಾಲ್ಕು ತಿಂಗಳಲ್ಲಿ ಅವಳು ನನ್ನನ್ನು ಏನೆಂದೂ ಕರೆದಿರಲಿಲ್ಲ. ಪಕ್ಕಕ್ಕೆ ಬಂದು ನಿಂತು ಮಾತು ಶುರು ಮಾಡುತ್ತಿದ್ದಳು, ಅಷ್ಟೆ. ಟಿಕೆಟ್‌ನವಳು ತಾಯಿ ಎಂದು ಆಗಲೇ ಬರೆದಿದ್ದಳು. ಖಾತ್ರಿ ಮಾಡಿಕೊಳ್ಳಲು ಮಾತ್ರ ನನ್ನ ಕಡೆ ನೋಡಿದಳು. ನಾನು ಅಲ್ಲ ಎಂದ ಮೇಲೆ ಅದನ್ನು ಹೊಡೆದು ಹಾಕಿದಳು. ದೊಡ್ಡವಳು ಅದನ್ನು ನೋಡುತ್ತ ನಿಂತಿದ್ದಳು. ಆಮೇಲೆ ಟಿಕೆಟ್‌ನವಳಿಗೆ, "ಸಾರಿ, ತಪ್ಪು ಹೇಳ್ದೆ" ಎಂದಳು.

ನೀವು ಬಂದಾಗ, ಹಾಗೆ ಕರೆಯಬಹುದೆಂದು ಅವಳಿಗೆ ನೀವೇ ಹೇಳುತ್ತೀರಾ ಅಕ್ಕ? ನಾನು ಹೇಳಿ ನೋಡಿದೆ. "ಪರವಾಗಿಲ್ಲ ಆಂಟಿ" ಎಂದಳು.